ಸಹಾಯ ಬೇಕು: ಕ್ಲಚ್ ಲೈನಿನ ಡಿಲೇ ವಾಲ್ವ್ ತೆಗೆಯಬಹುದೇ?

ಪೆಡಲ್‌ನಿಂದ ಕಾಲು ಪೂರ್ತಿ ಎತ್ತಿದ ಮೇಲೂ ನನ್ನ ಹಳೆಯ ಕಾರಿನ ಕ್ಲಚ್ ಅರೆಕ್ಷಣ ತಡವಾಗಿ ಹಿಡಿಯುತ್ತದೆ. ಬೇಗನೆ ಎರಡನೇ ಗೇರ್ ಹಾಕಿದರೆ ಎಂಜಿನ್ ಸುಮ್ಮನೆ ಅರಚುತ್ತದೆ, ಗಾಡಿ ಎಳೆಯುವುದು ಆಮೇಲೆ. ಸ್ಲೇವ್ ಸಿಲಿಂಡರ್‌ಗೆ (ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಮುಂಚೆ ಆಯಿಲ್ ಲೈನಿನಲ್ಲಿ ಡಿಲೇ ವಾಲ್ವ್ ಇದೆ; ಅದರ ಕಿರಿದಾದ ರಂಧ್ರ ಆಯಿಲ್ ಮರಳುವುದನ್ನು ತಡೆಹಿಡಿಯುತ್ತದೆ. ಗೇರ್‌ಬಾಕ್ಸ್‌ಗೆ ಹೊಡೆತ ಬೀಳದಿರಲೆಂದು ಇಟ್ಟದ್ದು ನಿಜ, ನನಗಂತೂ ಕಿರಿಕಿರಿ.

ರಂಧ್ರವನ್ನೇ ಡ್ರಿಲ್ ಮಾಡಿ ಅಗಲಿಸೋಣ ಎನ್ನುತ್ತಾರೆ ಮೆಕ್ಯಾನಿಕ್. ಲೋಹದ ಒಂದು ಚೂರು ಒಳಗುಳಿದರೂ ಸ್ಲೇವ್‌ನ ರಬ್ಬರ್ ಸೀಲ್ ಹಾಳಾಗುತ್ತದೆ, ಹಾಗಾಗಿ ಒಪ್ಪಿಲ್ಲ. ವಾಲ್ವ್ ತೆಗೆದು, ಸ್ಟೀಲ್ ಹೆಣಿಗೆಯ ಒಂದೇ ಹೋಸ್ ಹಾಕಿಸಿ, ಹೊಸ ಡಾಟ್ 4 ದರ್ಜೆಯ ಬ್ರೇಕ್-ಕ್ಲಚ್ ಆಯಿಲ್ ತುಂಬಿ ಲೈನಿನೊಳಗಿನ ಗಾಳಿ ತೆಗೆಸುವ ಯೋಚನೆಯಿದೆ. ಹೀಗೆ ಮಾಡಿಸಿದವರು ಇದ್ದೀರಾ? ಟ್ರಾಫಿಕ್‌ನಲ್ಲಿ ಗಾಡಿ ಜಗ್ಗುತ್ತದೆಯೇ? ಥ್ರೆಡ್‌ಗೆ ಸರಿಹೊಂದುವ ಹೋಸ್ ಅಳತೆ ಕೊಟ್ಟರೆ ಮಾಡಿಕೊಡುವವರು ಬೆಂಗಳೂರಿನಲ್ಲಿ ಯಾರಿದ್ದಾರೆ, ದಯವಿಟ್ಟು ತಿಳಿಸಿ.