ಅಪ್‌ಡೇಟ್: ಫಿಲಿಪ್ಪೀನ್ಸ್‌ನಲ್ಲಿ ಕ್ರಿಸ್‌ಮಸ್ ಮುಗಿಸಿ ಬಂದೆವು

ಗೊತ್ತೇ ಇಲ್ಲದ ಫಿಲಿಪ್ಪೀನ್ಸ್‌ನಲ್ಲಿ ಕ್ರಿಸ್‌ಮಸ್‌ಗೆ ಏನು ಮಾಡುವುದು, ಎಲ್ಲಾ ಮುಚ್ಚಿರುತ್ತಾ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆವು. ಸಿಂಬಾಂಗ್ ಗಾಬಿ ತಪ್ಪಿಸಬೇಡಿ ಎಂದವರಿಗೆ ದೊಡ್ಡ ಥ್ಯಾಂಕ್ಸ್. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ನಸುಕಿನಲ್ಲೇ ಪೂಜೆ. ನಾವು ಎದ್ದಿದ್ದು ಎರಡೇ ದಿನ, ಸುಳ್ಳು ಯಾಕೆ ಹೇಳಲಿ. ಚರ್ಚ್ ತುಂಬಿ ಜನ ಅಂಗಳದಲ್ಲೂ ನಿಂತಿದ್ದರು. ಹೊರಗೆ ಬಿಸಿಬಿಸಿ ಬಿಬಿಂಕಾ. ಅಕ್ಕಿಹಿಟ್ಟು, ತೆಂಗಿನ ಹಾಲು ಕಲಸಿ, ಬಾಳೆಎಲೆ ಹಾಸಿ, ಕೆಳಗೂ ಮೇಲೂ ಕೆಂಡ ಇಟ್ಟು ಬೇಯಿಸುತ್ತಾರೆ. ಅದಕ್ಕಾದರೂ ಏಳಬೇಕು!

24ರ ರಾತ್ರಿ ಮಾತ್ರ ಎಡವಟ್ಟಾಯಿತು. ಅಂದು ನಡುರಾತ್ರಿ ಮನೆಮಂದಿಯೆಲ್ಲ ಕೂತು ನೋಚೆ ಬುವೆನಾ ಊಟ ಮಾಡುತ್ತಾರೆ. ಹತ್ತಿರದ ಹೋಟೆಲುಗಳು ಬೇಗ ಬಾಗಿಲು ಹಾಕಿದ್ದವು. ನಮಗೆ ಬ್ರೆಡ್ಡು, ಬಾಳೆಹಣ್ಣೇ ಗತಿ. ಸ್ವೆಟರ್ ಬೇಕಾ ಅಂತಲೂ ಕೇಳಿದ್ದೆ ಅಲ್ವಾ? ಬ್ಯಾಗಿನಿಂದ ಹೊರಗೇ ಬರಲಿಲ್ಲ.