ಗೂಡಿಗೆ ಟಾರ್ಪಾಲ್ ಹೊದಿಸಿದ ಮೇಲೆ ಗಿನಿಪಿಗ್‌ಗಳಿಗೆ ಸೀನು ಹೆಚ್ಚಾಗಿದೆ, ಎಲ್ಲಿ ತಪ್ಪಿದ್ದೇನೆ?

ತೋಟದಮನೆ, ಮೂಡಿಗೆರೆ:

ಎಲ್ಲರಿಗೂ ನಮಸ್ಕಾರ. ಮಗಳ ಹಟಕ್ಕೆ ಮಣಿದು ಆಗಸ್ಟ್‌ನಲ್ಲಿ ಎರಡು ಗಿನಿಪಿಗ್ ತಂದೆ. ಅಂಗಡಿಯವನು ಎರಡೂ ಹೆಣ್ಣು ಎಂದಿದ್ದ. ಈಗ ನಾಲ್ಕಾಗಿವೆ. ಮರಿಗಳಿಗೆ ಮೂರು ವಾರ.

ಮಳೆಗಾಲವೆಲ್ಲ ಗೋದಾಮಿನಲ್ಲಿ ಇಟ್ಟಿದ್ದೆವು. ಅರೇಬಿಕಾ ಕೊಯ್ಲು ಶುರುವಾಗಿ ಅಲ್ಲಿ ಮೂಟೆ ತುಂಬಿದ ಮೇಲೆ ಕಣದ ಅಂಚಿನಲ್ಲಿದ್ದ ಹಳೆಯ ಕೋಳಿಗೂಡಿಗೆ ಸಾಗಿಸಿದೆ. ಮರದ ಚೌಕಟ್ಟು, ನಾಲ್ಕೂ ಕಡೆ ತಂತಿ ಬಲೆ, ಮೇಲೆ ತಗಡು. ಬೆಳಗಿನ ಜಾವ ಹೊರಗೆ 11 ಡಿಗ್ರಿಗೆ ಇಳಿಯುತ್ತಿದೆ. ಅದಕ್ಕೇ ನಾಲ್ಕೂ ಕಡೆ ನೆಲದವರೆಗೆ ನೀಲಿ ಟಾರ್ಪಾಲ್ ಇಳಿಬಿಟ್ಟು, ಒಳಗೆ 60 ವ್ಯಾಟ್ ಬಲ್ಬ್ ಹಾಕಿದ್ದೇನೆ. ಒಳಗೆ 16 ತೋರಿಸುತ್ತದೆ. ಕೆಳಗೆ ಹಾಸಿರುವುದು ಹಲ್ಲರ್‌ನಿಂದ ತಂದ ಕಾಫಿ ಹೊಟ್ಟು.

ಇಷ್ಟು ಮಾಡಿದ ಮೇಲೆ ಸೀನು ನಿಲ್ಲಬೇಕಿತ್ತು, ಬದಲಿಗೆ ಹೆಚ್ಚಾಗಿದೆ. ಚಿಕ್ಕ ಮರಿ ಬೆಳಿಗ್ಗೆ ರೋಮ ಕೆದರಿಕೊಂಡು ಮೂಲೆಯಲ್ಲಿ ಮುದುಡಿರುತ್ತದೆ. ಹತ್ತು ಗಂಟೆಯ ಬಿಸಿಲಿಗೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಓಡಾಡುತ್ತದೆ. ಇನ್ನೂ ಬೆಚ್ಚಗೆ ಮಾಡಬೇಕೆ?

ಪಾರಿವಾಳ, ಅರಸೀಕೆರೆ:

60 ಸಾಲದು. ನಾನು ಕೋಳಿಮರಿಗಳಿಗೆ 100 ವ್ಯಾಟ್ ಹಾಕುತ್ತೇನೆ, ಒಂದೂ ಸತ್ತಿಲ್ಲ. ಬಲ್ಬ್ ಬದಲಾಯಿಸಿ ನೋಡಿ.

ಹಳೇಗೂಡು, ಸಕಲೇಶಪುರ:

ದಯವಿಟ್ಟು ಬದಲಾಯಿಸಬೇಡಿ. ಕೋಳಿಮರಿ ವೈರ್ ಕಡಿಯುವುದಿಲ್ಲ, ಗಿನಿಪಿಗ್ ಬಿಡುವುದಿಲ್ಲ.

ಮೊದಲು ಎರಡು ಕೆಲಸ ಮಾಡಿ ಹೇಳಿ. ನಾಳೆ ಬೆಳಿಗ್ಗೆ ಆರಕ್ಕೆ, ಟಾರ್ಪಾಲ್ ಎತ್ತುವ ಮುಂಚೆ, ಅದರ ಒಳಮೈಯನ್ನು ಅಂಗೈಯಿಂದ ಸವರಿ ನೋಡಿ. ಆಮೇಲೆ ಮಂಡಿಯೂರಿ, ಮೂಗನ್ನು ಪ್ರಾಣಿಗಳ ಮೂಗಿನ ಎತ್ತರಕ್ಕೆ ತಂದು ಒಮ್ಮೆ ಉಸಿರೆಳೆಯಿರಿ. ನಿಂತುಕೊಂಡು ಮೂಸಿದರೆ ಲೆಕ್ಕಕ್ಕಿಲ್ಲ.

ತೋಟದಮನೆ, ಮೂಡಿಗೆರೆ:

ಮಾಡಿದೆ. ಅಂಗೈ ಪೂರ್ತಿ ಒದ್ದೆಯಾಯಿತು, ತೋಳಿನವರೆಗೆ ನೀರು ಇಳಿಯಿತು. ತಗಡಿನ ಒಳಗಡೆಯೂ ಹನಿ ಕಟ್ಟಿತ್ತು. ವಾಸನೆಗೆ ಕಣ್ಣಲ್ಲಿ ನೀರು ಬಂತು. ನಿಂತಾಗ ಇದು ಗೊತ್ತೇ ಆಗುತ್ತಿರಲಿಲ್ಲ ಮಾರಾಯರೇ. ಹೊಟ್ಟನ್ನು ಕೆದಕಿದರೆ ಮೇಲೆ ಒಣಗಿದೆ, ಎರಡು ಬೆರಳು ಕೆಳಗೆ ಕಪ್ಪಾಗಿ ಮುದ್ದೆಯಾಗಿದೆ.

ಹಳೇಗೂಡು, ಸಕಲೇಶಪುರ:

ಹಾಗಾದರೆ ನಿಮ್ಮ ಶತ್ರು ಚಳಿಗಿಂತ ಹೆಚ್ಚಾಗಿ ತೇವ. ನಾನೂ ಮೊದಲ ವರ್ಷ ಇದೇ ತಪ್ಪು ಮಾಡಿ ಒಂದನ್ನು ಕಳೆದುಕೊಂಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನಾಲ್ಕು ಪ್ರಾಣಿಗಳ ಉಸಿರು, ಮೂತ್ರ, ನೀವು ಹಾಕಿದ ಹಸಿ ಹುಲ್ಲು, ಇವೆಲ್ಲದರ ತೇವ ಆವಿಯಾಗಿ ಮೇಲೇರುತ್ತದೆ. ಹೊರಗಿನ ಚಳಿಗೆ ತಣ್ಣಗಾದ ಪ್ಲಾಸ್ಟಿಕ್ ತಗುಲಿದ ಕೂಡಲೇ ನೀರಾಗಿ ಕೆಳಗೆ ಇಳಿಯುತ್ತದೆ. ಬಲ್ಬ್ ಈ ಕೆಲಸವನ್ನು ಇನ್ನಷ್ಟು ಚುರುಕು ಮಾಡುತ್ತದೆ. ರೋಮ ಒದ್ದೆಯಾದ ಪ್ರಾಣಿಗೆ 16 ಡಿಗ್ರಿಯೂ ಚಳಿಯೇ. ಒದ್ದೆ ಹಾಸಿಗೆಯಲ್ಲಿ ಮೂತ್ರ ಕೊಳೆತರೆ ಅಮೋನಿಯಾ ಏಳುತ್ತದೆ, ಅದು ಶ್ವಾಸನಾಳವನ್ನು ಸುಡುತ್ತದೆ. ಸೀನು ಅಲ್ಲಿಂದ ಬಂದಿರಬಹುದು.

ಇವತ್ತೇ ಹೊಟ್ಟನ್ನು ಪೂರ್ತಿ ಹೊರಗೆ ಸುರಿಯಿರಿ. ಅದು ತೇವ ಹೀರಿ ಬೂಸ್ಟು ಹಿಡಿಯುವುದಷ್ಟೇ ಅಲ್ಲ, ಅದರಲ್ಲಿ ಕೆಫೀನ್ ಇರುತ್ತದೆ, ಇವು ಹಾಸಿಗೆಯನ್ನೂ ತಿನ್ನುವ ಜಾತಿ. ಭತ್ತದ ಉಮಿಯೂ ಬೇಡ, ಧೂಳು. ಕೆಳಗೆ ಹತ್ತು ಪದರ ದಿನಪತ್ರಿಕೆ, ಮೇಲೆ ಗೇಣುದ್ದ ಕತ್ತರಿಸಿದ ಒಣ ಭತ್ತದ ಹುಲ್ಲು. ಹುಲ್ಲಿನ ಕಡ್ಡಿ ಟೊಳ್ಳು, ಅದರೊಳಗಿನ ಗಾಳಿಯೇ ಕಂಬಳಿ. ಗಟ್ಟಿ ತುದಿಗಳು ಕಣ್ಣಿಗೆ ಚುಚ್ಚುತ್ತವೆ, ಹಾಸುವ ಮುಂಚೆ ಕೈಯಲ್ಲಿ ಚೆನ್ನಾಗಿ ಉಜ್ಜಿ ಮೆತ್ತಗೆ ಮಾಡಿ. ಆದರೆ ಅದನ್ನು ಊಟವೆಂದು ಲೆಕ್ಕ ಹಿಡಿಯಬೇಡಿ, ಸತ್ವ ಕಡಿಮೆ. ತಿನ್ನಲು ಗರಿಕೆಯನ್ನೋ ಒಣಗಿಸಿದ ಮೇವಿನ ಹುಲ್ಲನ್ನೋ ಬೇರೆಯಾಗಿ ಕೊಡಿ. ಸಂಜೆ ಇಬ್ಬನಿ ಬಿದ್ದ ಹುಲ್ಲು ತರಬೇಡಿ.

ಟಾರ್ಪಾಲ್ ಗಾಳಿ ಬಡಿಯುವ ಬದಿಗೆ ಮತ್ತು ತಗಡಿನ ಮೇಲೆ ಮಾತ್ರ ಇರಲಿ. ಎದುರು ಬದಿಯಲ್ಲಿ, ತಗಡಿನ ಕೆಳಗೆ, ನಾಲ್ಕು ಬೆರಳಗಲ ಜಾಗ ತೆರೆದೇ ಇರಬೇಕು. ಆವಿ ಹೋಗುವ ದಾರಿ ಅದು. ಉಳಿದ ಕಡೆ ರಾತ್ರಿ ಗೋಣಿತಾಟು ಇಳಿಬಿಡಿ, ಅದು ಉಸಿರಾಡುತ್ತದೆ. ಬಲೆಗೆ ಹೊರಗಿನಿಂದ ಕಟ್ಟಿ, ಒಳಗೆ ಸಿಕ್ಕಿದರೆ ನೂಲು ಕಾಲಿಗೆ ಸುತ್ತಿಕೊಳ್ಳುತ್ತದೆ.

ಇನ್ನು ಮುಖ್ಯವಾದದ್ದು. ಇಡೀ ಗೂಡನ್ನು ಬೆಚ್ಚಗಿಡುವ ಹಠ ಬಿಡಿ. ಗೂಡಿನೊಳಗೆ ಒಂದು ಮಲಗುವ ಪೆಟ್ಟಿಗೆ ಮಾಡಿಸಿ, ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದಡಿ ಎತ್ತರ ಸಾಕು. ಬಾಗಿಲು ಎರಡಿರಲಿ, ಒಂದೇ ಇದ್ದರೆ ಜಗಳವಾದಾಗ ಸೋತದ್ದು ಒಳಗೇ ಸಿಕ್ಕಿಬೀಳುತ್ತದೆ. ಅದರ ತುಂಬ ಹುಲ್ಲು ತುರುಕಿ. ಒಟ್ಟಿಗೆ ಮಲಗಿದರೆ ಅವುಗಳ ಮೈಕಾವೇ ಆ ಸಣ್ಣ ಜಾಗವನ್ನು ಬೆಚ್ಚಗೆ ಮಾಡುತ್ತದೆ. ತೀರಾ ಚಳಿಯ ರಾತ್ರಿ ಸಾಧಾರಣ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ ಹಳೆಯ ಉಣ್ಣೆ ಕಾಲುಚೀಲದಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಮೂಲೆಯಲ್ಲಿಡಿ. ಥರ್ಮಾಸ್ ಬೇಡ, ಅದು ಬಿಸಿಯನ್ನು ಯಾರಿಗೂ ಕೊಡುವುದಿಲ್ಲ.

ಬಲ್ಬ್ ತೆಗೆದುಬಿಡಿ. ಒಣಹುಲ್ಲು ಹಾಕಿದ ಮೇಲಂತೂ ಅದು ಬೆಂಕಿಗೆ ಆಹ್ವಾನ. ರಾತ್ರಿ ಎರಡಕ್ಕೆ ಕರೆಂಟ್ ಹೋದರೆ ಬಲ್ಬನ್ನೇ ನಂಬಿದ ಗೂಡು ತಟ್ಟನೆ ತಣ್ಣಗಾಗುತ್ತದೆ.

ಬಚ್ಚಲೊಲೆ, ಕೊಪ್ಪ:

ಗೂಡನ್ನು ಕಣದಲ್ಲೇ ಇಡಬೇಕೆಂದು ಯಾರು ಹೇಳಿದರು? ತೋಟದ ಮನೆ ಎಂದ ಮೇಲೆ ಬಚ್ಚಲಲ್ಲಿ ಹಂಡೆ ಇರಲೇಬೇಕು. ಒಲೆಯ ಹಿಂದಿನ ಗೋಡೆಗೆ ಹೊರಗಿನಿಂದ ಕೈಯಿಟ್ಟು ನೋಡಿ, ಸಂಜೆಯ ಬೆಂಕಿಯ ಕಾವು ಎಷ್ಟೋ ಹೊತ್ತು ಉಳಿದಿರುತ್ತದೆ. ನಮ್ಮಲ್ಲಿ ಬೆಕ್ಕು ಮಲಗುವುದು ಅಲ್ಲೇ. ಮೇಲೆ ಮಾಡಿನ ಸೂರು ಇದ್ದರೆ ಇಬ್ಬನಿಯೂ ಬೀಳುವುದಿಲ್ಲ. ಹೊಗೆ ಹೊರಬರುವ ಕಿಂಡಿಯ ಬದಿ ಮಾತ್ರ ಬಿಟ್ಟುಬಿಡಿ.

ಹಳೇಗೂಡು, ಸಕಲೇಶಪುರ:

ನನಗೆ ಹೊಳೆಯಲೇ ಇಲ್ಲ ನೋಡಿ! ನಮ್ಮ ಮನೆಯಲ್ಲಿ ಗೀಸರ್ ಬಂದು ಹಂಡೆ ಅಟ್ಟ ಸೇರಿದೆ. ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ನೆಲದಿಂದ ಒಂದೂವರೆ ಅಡಿ ಎತ್ತರಿಸಿ. ಬೆಚ್ಚನೆ ಹುಲ್ಲಿಗೆ ಹೆಗ್ಗಣ ಬರುತ್ತದೆ, ಹೆಗ್ಗಣದ ಹಿಂದೆ ಹಾವು ಬರುತ್ತದೆ. ಬಲೆ ಅರ್ಧ ಇಂಚಿನದ್ದಾಗಿರಲಿ.

ಪಶುವೈದ್ಯೆ, ಹಾಸನ:

ಗೂಡಿನ ಬಗ್ಗೆ ಹೇಳಿದ್ದೆಲ್ಲ ಸರಿ. ನನ್ನದು ಪ್ರಾಣಿಗಳ ಬಗ್ಗೆ.

ಇವುಗಳಿಗೆ ಹಿತವಾದದ್ದು ಸುಮಾರು 18ರಿಂದ 24 ಡಿಗ್ರಿ. ಗೂಡು ಸರಿಮಾಡಿದ ಎರಡು ಮೂರು ದಿನಗಳಲ್ಲಿ ಸೀನು ಇಳಿಯಬೇಕು. ಮೂಗಿನ ಸುತ್ತ ಹಳದಿ ಪೊರೆ, ಕಣ್ಣಲ್ಲಿ ಪಿಸುರು, ಉಸಿರಾಡುವಾಗ ಪಕ್ಕೆ ಎಳೆಯುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ಅರ್ಧ ದಿನ ಏನೂ ತಿನ್ನದಿದ್ದರೆ ಅದೂ ತುರ್ತೇ, ಇವುಗಳ ಕರುಳು ಸದಾ ನಡೆಯುತ್ತಿರಬೇಕು. ನಿಮ್ಮಲ್ಲಿ ತಿಳಿದವರು ಸಿಗದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ತನ್ನಿ.

ಮನೆಯಲ್ಲಿ ಮಕ್ಕಳಿಗೆಂದು ತಂದ ಅಮಾಕ್ಸಿಸಿಲಿನ್ ಉಳಿದಿದೆ ಎಂದು ನಾಲ್ಕು ಹನಿ ಹಾಕಿಬಿಡಬೇಡಿ. ಪೆನಿಸಿಲಿನ್ ಗುಂಪಿನ ಔಷಧ ಹೊಟ್ಟೆಗೆ ಹೋದರೆ ಗಿನಿಪಿಗ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಪ್ರಾಣಿಯೇ ಹೋಗುತ್ತದೆ. ಇಂಥದ್ದನ್ನು ನೋಡಿ ನೋಡಿ ಬೇಸತ್ತಿದ್ದೇನೆ.

ನಮ್ಮಂತೆಯೇ ಇವಕ್ಕೂ ವಿಟಮಿನ್ ಸಿ ಅನ್ನು ದೇಹದಲ್ಲಿ ತಯಾರಿಸಿಕೊಳ್ಳಲು ಬರುವುದಿಲ್ಲ. ದಿನಕ್ಕೊಂದು ಹೋಳು ದಪ್ಪಮೆಣಸಿನಕಾಯಿ, ಆಗಾಗ ಒಂದು ಚೂರು ಸೀಬೆಹಣ್ಣು ಕೊಡಿ. ಮೊಲ ಸಾಕಿದ್ದರೆ ಅದರ ಜೊತೆ ಬಿಡಬೇಡಿ, ಮೊಲಕ್ಕೆ ಏನೂ ಮಾಡದ ಬ್ಯಾಕ್ಟೀರಿಯಾ ಇವುಗಳಿಗೆ ನ್ಯುಮೋನಿಯಾ ತರಬಹುದು.

ಮಧ್ಯಾಹ್ನ ತಗಡಿನ ಕೆಳಗೆ ಎಷ್ಟಾಗುತ್ತದೆ ಎಂದು ನೋಡಿದ್ದೀರಾ? ಡಿಸೆಂಬರ್ ಬಿಸಿಲೂ ಸಾಕು. 28 ದಾಟಿದರೆ ಇವು ಚಳಿಗಿಂತ ಬೇಗ ಶೆಕೆಗೆ ಸಾಯುತ್ತವೆ. ಬೆಳಿಗ್ಗೆ ಗೋಣಿತಾಟು, ಟಾರ್ಪಾಲ್ ಎರಡನ್ನೂ ಎತ್ತಲು ಮರೆಯಬೇಡಿ.

ಕೊನೆಯದಾಗಿ, ಗಂಡನ್ನು ಬೇರೆ ಇಟ್ಟಿದ್ದೀರಿ ತಾನೆ? ಹೆತ್ತ ಕೆಲವೇ ಗಂಟೆಗಳಲ್ಲಿ ಹೆಣ್ಣು ಮತ್ತೆ ಗಬ್ಬವಾಗಬಲ್ಲದು. ಮರಿಗಳಲ್ಲಿ ಗಂಡಿದ್ದರೆ ಅದನ್ನೂ ಈಗಲೇ ತಾಯಿಯಿಂದ ಬೇರೆ ಮಾಡಿ.

ತೋಟದಮನೆ, ಮೂಡಿಗೆರೆ:

ಒಂಬತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕೊಯ್ಲಿನ ಆಳುಗಳ ನಡುವೆ ಬಿಡುವಾಗಲಿಲ್ಲ.

ಗೂಡು ಈಗ ಬಚ್ಚಲಿನ ಗೋಡೆಗೆ ಒರಗಿದೆ. ನಿನ್ನೆ ಬೆಳಗಿನ ಜಾವ ಹೊರಗೆ 10, ಪೆಟ್ಟಿಗೆಯೊಳಗೆ 19. ಟಾರ್ಪಾಲಿನ ಒಳಮೈ ಒಣಗಿತ್ತು. ಸೀನು ಮೂರನೆಯ ದಿನಕ್ಕೆ ನಿಂತಿತು. ಚಿಕ್ಕ ಮರಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಿದ್ದೇನೆ, 228 ಗ್ರಾಂ ಇದ್ದದ್ದು 266 ಆಗಿದೆ. ಎರಡೂ ಮರಿ ಹೆಣ್ಣೇ, ಈ ಸಲ ಅಂಗಡಿಯವನನ್ನು ಕೇಳದೆ ತಿಳಿದವರಿಗೆ ತೋರಿಸಿದೆ. ಬಿಸಿನೀರಿನ ಬಾಟಲಿ ಎರಡೇ ರಾತ್ರಿ ಬೇಕಾಯಿತು.

ಗಂಡನ್ನು ಪಕ್ಕದ ಗೂಡಿಗೆ ಹಾಕಿದ್ದೇನೆ. ತಡವಾಯಿತೆಂದು ಕಾಣುತ್ತದೆ, ತಾಯಿಯ ಹೊಟ್ಟೆ ಮತ್ತೆ ದುಂಡಗಾಗುತ್ತಿದೆ. ಬಡಗಿಗೆ ಇನ್ನೊಂದು ಪೆಟ್ಟಿಗೆ ಹೇಳಿದ್ದೇನೆ.