ಅಪ್‌ಡೇಟ್: ಗಾಜಿನ ರಂಧ್ರಗಳು ಕೊನೆಗೂ ಕಾಣಿಸಿದವು

ಸೂಕ್ಷ್ಮ ರಂಧ್ರಗಳಿರುವ ಗಾಜನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಚಿತ್ರವೆಲ್ಲ ಬೆಳ್ಳಗಾಗುತ್ತದೆ, ರಂಧ್ರಗಳೇ ಕಾಣುವುದಿಲ್ಲ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಮನಸಾರೆ ಧನ್ಯವಾದ. ಈಗ ಕಾಣುತ್ತಿವೆ!

ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಹಾಗಾಗಿ ಬಿದ್ದ ಎಲೆಕ್ಟ್ರಾನುಗಳು ಅಲ್ಲೇ ಸೇರಿಕೊಳ್ಳುತ್ತವೆ, ಚಿತ್ರ ಬೆಳ್ಳಗಾಗುವುದು ಅದರಿಂದಲೇ. ಅದನ್ನು ತಪ್ಪಿಸಲು ಚಿನ್ನದ ಲೇಪ ಜಾಸ್ತಿ ಹಾಕಿದ್ದೆ. ತಪ್ಪಾಗಿದ್ದು ಅಲ್ಲೇ. ಚಿನ್ನ ಕಾಳುಕಾಳಾಗಿ ಕೂರುತ್ತದೆ. ನನ್ನ ಗಾಜಿನ ರಂಧ್ರಗಳು ಸುಮಾರು 50 ನ್ಯಾನೋಮೀಟರ್. ಲೇಪವೇ 20 ನ್ಯಾನೋಮೀಟರ್ ಇದ್ದರೆ ರಂಧ್ರದ ಬಾಯಿ ಕಟ್ಟಿಕೊಳ್ಳುತ್ತದೆ ಅಲ್ವಾ? ಈ ಸಲ ಪ್ಲಾಟಿನಮ್, ಬರೀ 2 ನ್ಯಾನೋಮೀಟರ್. ಎಲೆಕ್ಟ್ರಾನುಗಳನ್ನು ಚಿಮ್ಮಿಸುವ ವೋಲ್ಟೇಜನ್ನೂ 15 ಕಿಲೋವೋಲ್ಟಿನಿಂದ 2ಕ್ಕೆ ಇಳಿಸಿದೆ. ಬೆಳ್ಳಗಾಗುವುದು ಹೆಚ್ಚುಕಡಿಮೆ ನಿಂತೇಹೋಯಿತು.

ಎಲ್ಲಕ್ಕಿಂತ ಉಪಯೋಗವಾದ ಸಲಹೆ, ಚೂರನ್ನು ಮುರಿದು ಒಳಮುಖ ನೋಡಿ ಅಂದದ್ದು. ಈ ಗಾಜು ತಯಾರಾಗುವ ರೀತಿ ನೆನೆದರೆ ಕಾರಣ ತಿಳಿಯುತ್ತದೆ. ಸರಿಯಾದ ಬೆರಕೆಯ ಬೋರೋಸಿಲಿಕೇಟ್ (ಬೋರಾನ್ ಮತ್ತು ಸಿಲಿಕಾ ಇರುವ) ಗಾಜನ್ನು ಹೊತ್ತುಗಟ್ಟಲೆ ಕಾಯಿಸಿದರೆ ಅದು ಒಳಗೊಳಗೇ ಎರಡು ಭಾಗವಾಗುತ್ತದೆ. ಬೋರಾನ್ ಜಾಸ್ತಿ ಇರುವ ಭಾಗ ಆಸಿಡ್‌ನಲ್ಲಿ ಕರಗಿಹೋಗುತ್ತದೆ, ಸಿಲಿಕಾದ ಹಂದರ ಉಳಿಯುತ್ತದೆ. ಹೊರಮೈಯಲ್ಲಿ ಮಾತ್ರ ಬೇರೆಯದೇ ತೆಳು ಪದರ ಉಳಿದಿರಬಹುದು. ನಾನು ಇಷ್ಟು ದಿನ ಆ ಸಿಪ್ಪೆಯನ್ನೇ ನೋಡುತ್ತಿದ್ದೆ!

ಮುರಿದ ಮುಖದಲ್ಲಿ ಸ್ಪಂಜಿನ ಹಾಗೆ ಒಂದಕ್ಕೊಂದು ಸೇರಿದ ಸುರಂಗಗಳು. ಎಷ್ಟು ಚೆಂದ! ಸುಮ್ನೆ ನೋಡುತ್ತಾ ಕೂತುಬಿಟ್ಟೆ.

ಇನ್ನೊಂದು ಮಾತು. ರಂಧ್ರಗಳು ಗಾಳಿಯ ತೇವ ಹೀರುತ್ತವೆ, ಚೂರನ್ನು ಚೆನ್ನಾಗಿ ಒಣಗಿಸಿಯೇ ಮೈಕ್ರೋಸ್ಕೋಪಿನ ಒಳಗಿಡಿ. ಮುಂದೆ ನೈಟ್ರೋಜನ್ ಹೀರಿಕೆಯಿಂದಲೂ (ರಂಧ್ರಗಳು ಎಷ್ಟು ನೈಟ್ರೋಜನ್ ಅನಿಲ ಹಿಡಿಯುತ್ತವೆ ಅಂತ ನೋಡಿ) ರಂಧ್ರದ ಅಳತೆ ತೆಗೆದು ಚಿತ್ರದ ಜೊತೆ ಹೋಲಿಸುತ್ತೇನೆ.